ಅವ್ವಾರು ಕೊಟ್ಟ ಕರಡಿಗೆ

“ಕಳಕೊಂಡೋರು ನಾವು, ಕ್ಷಮಾ ಮಾಡೋರೂ ನಾವು. ನಡುವ ನಿಮ್ದೇನ್ರಿ ತಕರಾರು?”

ಆಂಧ್ರದ ಗಡಿಯೂರು ಆದೋನಿಯ ಕೋರ್ಟಿನ ವರಾಂಡದಲ್ಲಿ ನಿಂತು ಹತ್ತಿ ವ್ಯಾಪಾರಿ ಸಿದ್ದಬಸಪ್ಪ ಹೀಗೆ ಕೇಳಿದಾಗ ವಕೀಲೆ ಮಹಾಲಕ್ಷ್ಮಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಇವತ್ತು ಬೆಳಗಿನಿಂದಲೇ ಬಂದು ಕೂತಿತ್ತು.

ತಕರಾರು ಮಾಡಲು ಕಾಗದದ ಮೇಲೆ ಏನೂ ಇರಲಿಲ್ಲ. ಮಾಧವರಂ ಸೇತುವೆಯ ಬಳಿ ಪೊಲೀಸರು ಸಿದ್ದಬಸಪ್ಪನ ಕಾರು ತಡೆದು ನೋಡಿದಾಗ ಡ್ರೈವರ್ ಸೂರಿಯ ಹತ್ತಿರ ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ ಸಿಕ್ಕಿತ್ತು, ಅದು ತನ್ನ ತಾಯಿಯದು, ಮನೆಯ ದೇವರ ಕೋಣೆಯಿಂದ ಕಳವಾದದ್ದೆಂದು ಸಿದ್ದಬಸಪ್ಪ ದೂರು ಕೊಟ್ಟಿದ್ದ, ಸೂರಿ ಅಂದಿನಿಂದ ಸಬ್‌ಜೈಲಿನಲ್ಲಿದ್ದ. ಈಗ ಎರಡೂ ಕಡೆಯವರು ರಾಜಿ. ಕರಡಿಗೆ ಯಜಮಾನರ ಮನೆಗೆ, ಸೂರಿ ಅವನ ತಾಯಿಯ ಮನೆಗೆ. ಕೆಲಸದವನು ಮಾಡಿದ ಕಳವಾದ್ದರಿಂದ ಮ್ಯಾಜಿಸ್ಟ್ರೇಟರ ಒಪ್ಪಿಗೆಯೊಂದು ಬೇಕಿತ್ತು, ಅಷ್ಟೇ.

ಒಪ್ಪಿಗೆ ಸಿಕ್ಕರೆ ಸೂರಿ ಖುಲಾಸೆಯಾದಂತೆಯೇ. ಅವನ ವಕೀಲೆ ಸಂತೋಷಪಡಬೇಕಿತ್ತು. ಆದರೆ ರಾಜಿ ಪತ್ರದ ಕೊನೆಯಲ್ಲಿ ಸಿದ್ದಬಸಪ್ಪ ಹಟ ಹಿಡಿದು ಹಾಕಿಸಿದ್ದ ಒಂದು ಸಾಲು ಅವಳ ತಲೆ ತಿನ್ನುತ್ತಿತ್ತು. ಪೊಲೀಸರು ಹಾಕಿದ ಅರಗಿನ ಮುದ್ರೆಯನ್ನು ಒಡೆಯದೆ, ಲಕೋಟೆ ಸಮೇತ, ಇಂದೇ ಕೊಡತಕ್ಕದ್ದು.

“ತಕರಾರೇನಿಲ್ಲ ಸಾವ್ಕಾರ್ರ. ಮುದ್ರಿ ಯಾಕ ಒಡೀಬಾರದು? ಅದಷ್ಟು ಹೇಳ್ರಿ ಸಾಕು.”

“ಪೂಜಿ ಸಾಮಾನು ಐತ್ರಿ. ಹತ್ತು ಮಂದಿ ಯಾಕ ಮುಟ್ಟಬೇಕು?”

“ಪೊಲೀಸರು ಮುಟ್ಟಿ ಆಗೈತಿ.”

“ಅದಕ್ಕ ಇನ್ನು ಮ್ಯಾಲರೆ ಬ್ಯಾಡ ಅಂತೀನಿ.” ಸಿದ್ದಬಸಪ್ಪ ನಕ್ಕು, ತನ್ನ ತಾಯಿಯನ್ನು ಕರೆತರಲು ಕಾರಿನ ಕಡೆ ಹೋದ.

ಮಹಾಲಕ್ಷ್ಮಿ ಅವನ ಬೆನ್ನನ್ನೇ ನೋಡುತ್ತ ನಿಂತಳು. ಪೊಲೀಸರು ಫೋನ್ ಮಾಡಿ ಹೇಳುವ ತನಕ ತನ್ನ ಮನೆಯಲ್ಲಿ ಕಳವಾಗಿದೆಯೆಂದೇ ಈತನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ದೂರು ಕೊಡಲು ಓಡಿ ಬಂದ. ದೂರಿನ ಶಾಯಿ ಆರುವ ಮುಂಚೆ ರಾಜಿಗೂ ಓಡಿ ಬಂದ. ಇಷ್ಟು ಅವಸರದ ದೊಡ್ಡ ಮನಸ್ಸನ್ನು ಅವಳು ಆದೋನಿಯಲ್ಲಿ ಹಿಂದೆಂದೂ ಕಂಡಿರಲಿಲ್ಲ.

“ವಕೀಲಮ್ಮಾ, ನಿನ್ನ ಕಾಲಿಗಿ ಬೀಳ್ತೀನಿ, ಇವತ್ತೊಂದಿನ ಏನೂ ಮಾತಾಡಬ್ಯಾಡ.” ಸೂರಿಯ ತಾಯಿ ಸುಭದ್ರಮ್ಮ ಕಂಬದ ಬುಡದಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದಳು. ಕೋಸಗಿಯಿಂದ ನಸುಕಿನಲ್ಲೇ ಬಂದವಳು. “ಮಧ್ಯಾಹ್ನ ಮೇಸ್ತ್ರಿ ಲಾರಿ ಗುಂಟೂರಿಗಿ ಹೊಂಟೈತಿ. ಮೆಣಸಿನಕಾಯಿ ಕೊಯ್ಯಾಕ ಊರಿಗೆ ಊರೇ ಹೊಂಟೈತಿ. ಮಗನ್ನ ಜೇಲಿನ್ಯಾಗ ಬಿಟ್ಟು ನಾ ಹೆಂಗ ಲಾರಿ ಹತ್ಲಿ?”

“ಮಾತಾಡಬ್ಯಾಡಂದ್ರ ವಕೀಲ್ರನ್ನ ಯಾಕ ಇಟ್ಕೊಂಡಿ, ಸುಭದ್ರಮ್ಮ?”

“ಒಬ್ರು ಇರಬೇಕು ಅಂದ್ರಲ್ಲ, ಅದಕ್ಕ.”

ಮಹಾಲಕ್ಷ್ಮಿ ಹಣೆ ಹಣೆ ಚಚ್ಚಿಕೊಂಡಳು. ತಾಯಿ ಹೀಗೆ. ಮಗನಂತೂ ಇವಳಿಗಿಂತ ಒಂದು ಕೈ ಮೇಲೆ. ಕರಡಿಗೆ ನಿನ್ನ ಹತ್ತಿರ ಹೇಗೆ ಬಂತೋ ಎಂದು ಜೈಲಿನ ಜಾಲರಿಯ ಆಚೆ ನಿಂತು ಎಷ್ಟು ಸಲ ಕೇಳಿದರೂ ಅವನದು ಒಂದೇ ಮಾತು. ‘ಅವ್ವಾರು ಕೊಟ್ರು.’ ಯಾಕೆ ಕೊಟ್ಟರು, ಎಲ್ಲಿಗೆ ಒಯ್ಯುತ್ತಿದ್ದೆ ಎಂದರೆ ಬಾಯಿಗೆ ಬೀಗ. ಸ್ಟೇಷನ್ನಿನ ರೈಟರ್ ಶ್ರೀರಾಮುಲು ಆ ಮಾತನ್ನು ತೆಲುಗಿನಲ್ಲಿ ಬರೆದುಕೊಂಡು, ಸಿದ್ದಬಸಪ್ಪನ ಮುದಿ ತಾಯಿ ಬಸವಕ್ಕನನ್ನು ಹೋಗಿ ಕೇಳಿದ್ದ. ನಾನು ಯಾರಿಗೂ ಏನೂ ಕೊಟ್ಟಿಲ್ಲ ಎಂದಿದ್ದಳು ಮುದುಕಿ. ಅಲ್ಲಿಗೆ ಸೂರಿ ಕಳ್ಳ, ಸುಳ್ಳ ಎರಡೂ ಆಗಿಬಿಟ್ಟಿದ್ದ.

ಜೈಲಿನ ವ್ಯಾನು ಬಂತು. ಸೂರಿ ಇಳಿದ. ಅದೇ ಹೊತ್ತಿಗೆ ಸಿದ್ದಬಸಪ್ಪ ತಾಯಿಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ. ಸೂರಿ ಪೇದೆಯ ಕೈ ಜಗ್ಗಿಕೊಂಡೇ ಅತ್ತ ಬಾಗಿದ.

“ಅಜ್ಜೀ, ಹುಷಾರದಿಯೇನು? ಮಣಕಾಲು ನೋವು ಕಡಿಮಿ ಆತಾ?”

“ಏ ಸೂರಿ, ಎಷ್ಟು ಸೊರಗೀಯೋ ನೀನು!” ಎಂದಳು ಬಸವಕ್ಕ. ತನ್ನ ಒಡವೆ ಕದ್ದವನ ಗಲ್ಲ ಯಾರೂ ಹಾಗೆ ಸವರುವುದಿಲ್ಲ. ಸಿದ್ದಬಸಪ್ಪ ತಾಯಿಯ ಕೈಯನ್ನು ಎಳೆದುಕೊಂಡ.

ಮಹಾಲಕ್ಷ್ಮಿ ನಿಂತಲ್ಲೇ ನಿಂತಳು. ಅಜ್ಜಿ!

ಈಕೆ ಅಜ್ಜಿಯಾದರೆ ಅವ್ವಾರು ಯಾರು?

ಥೂ ಎಂದು ತನ್ನನ್ನೇ ಬೈದುಕೊಂಡಳು. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಅವಳ ಮನೆಯಲ್ಲೂ ತಂದೆಯ ತಾಯಿಯನ್ನು ಅವ್ವ ಎಂದೇ ಕರೆಯುತ್ತಿದ್ದರು. ತೆಲುಗು ಮೀಡಿಯಂನಲ್ಲಿ ಓದಿ, ತೆಲುಗು ಕಾಗದಗಳಲ್ಲೇ ಮುಳುಗಿ ಏಳುವವಳು ಆ ಪದವನ್ನು ಓದಿದಾಗ ಕಣ್ಣ ಮುಂದೆ ಬಂದದ್ದು ಒಬ್ಬ ಮುದುಕಿ. ಆದರೆ ಸಿದ್ದಬಸಪ್ಪನಂಥ ಕನ್ನಡದ ಮನೆಯಲ್ಲಿ ಆಳುಕಾಳುಗಳು ಅವ್ವಾರು ಎನ್ನುವುದು ಮನೆಯೊಡತಿಗೆ. ಎರಡೂ ಭಾಷೆ ಬರುತ್ತದೆಂಬ ಜಂಬದಲ್ಲಿ ಮೂಗಿನ ಕೆಳಗಿದ್ದದ್ದನ್ನು ಬಿಟ್ಟಿದ್ದಳು.

ಸೀಲು ಹಾಕಿದ ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ಶ್ರೀರಾಮುಲು ಚಹಾ ಕುಡಿಯುತ್ತಿದ್ದ. ಮಹಾಲಕ್ಷ್ಮಿ ನೇರ ಅವನ ಮುಂದೆ ಹೋಗಿ ನಿಂತಳು.

“ಸೂರಿ ಅವ್ವಾರು ಅಂದಾಗ ಯಾವ ಅವ್ವಾರು ಅಂತ ಕೇಳಿದಿರಾ ಶ್ರೀರಾಮುಲು?”

“ಅವ್ವ ಅಂಟೇ ಅವ್ವೇ ಕದಾ ಮೇಡಂ. ಮುಸಲಾಮೆ.” ಅವ್ವ ಎಂದರೆ ಆ ಮುದುಕಿಯೇ ಅಲ್ಲವೇ ಎಂದು ಅವನು ಬಸವಕ್ಕನ ಕಡೆ ಗದ್ದ ತೋರಿಸಿದ.

“ಕನ್ನಡದಾಗ ಅಲ್ಲೋ ಮಾರಾಯಾ!”

“ನೇನು ತೆಲುಗುಲೋ ಕದಾ ರಾಸಿಂದಿ,” ಎಂದು, ತಾನು ಬರೆದದ್ದು ತೆಲುಗಿನಲ್ಲೆಂದು ನೆನಪಿಸಿ, ಶ್ರೀರಾಮುಲು ಇನ್ನೊಂದು ಗುಟುಕು ಚಹಾ ಕುಡಿದ. ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಅವನನ್ನು ಬೈದು ಹೊತ್ತು ಕಳೆಯಲು ಅವಳಿಗೆ ಬಿಡುವಿರಲಿಲ್ಲ.

ಬೆಂಚಿನ ಮೇಲೆ ಕೂತಿದ್ದ ಬಸವಕ್ಕನ ಸೆರಗು ಸರಿದಿತ್ತು. ಕೊರಳಲ್ಲಿ ದಾರ, ದಾರದಲ್ಲಿ ಸವೆದ ಬೆಳ್ಳಿಯ ಕರಡಿಗೆ. ಮಹಾಲಕ್ಷ್ಮಿಗೆ ಇನ್ನಷ್ಟು ಉರಿಯಿತು. ಒಬ್ಬರಿಗೆ ಒಂದೇ ಲಿಂಗ. ಇದು ಈಕೆಯದಾದರೆ ಲಕೋಟೆಯಲ್ಲಿರುವುದು ಯಾರದು?

ಸೂರಿಯನ್ನು ಗೋಡೆಯ ಪಕ್ಕಕ್ಕೆ ಕರೆದಳು. “ಯಾವ ಅವ್ವಾರೋ? ಸಾವ್ಕಾರ್ರ ಹೇಂತಿ ಮಹಾಂತಮ್ಮ ಅವ್ವಾರಾ?”

ಸೂರಿ ತಲೆ ತಗ್ಗಿಸಿದ. “ಕೇಳಬ್ಯಾಡ್ರಿ ಮೇಡಂ. ಆಣಿ ಮಾಡೀನಿ.”

“ನಿನ್ನ ಆಣಿಗಿ ಬೆಂಕಿ ಹಚ್ಚಲಿ! ಹೌದೋ ಅಲ್ಲೋ?”

ಅವನು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಕೇಸು ಕೂಗಿದರು.

ಮ್ಯಾಜಿಸ್ಟ್ರೇಟರಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಯಾರ ಒತ್ತಾಯವೂ ಇಲ್ಲದೆ ರಾಜಿಯಾಗುತ್ತಿದ್ದೀಯಾ ಎಂದು ಸೂರಿಯನ್ನು ತೆಲುಗಿನಲ್ಲಿ ಕೇಳಿದರು. ಅವನು ಹೂಂ ಎಂದ. ಸುಭದ್ರಮ್ಮ ಬಾಗಿಲಲ್ಲಿ ನಿಂತು ಕೈ ಮುಗಿದಳು. ಮ್ಯಾಜಿಸ್ಟ್ರೇಟರು ಬಸವಕ್ಕನ ಕಡೆ ತಿರುಗಿದರು.

“ಅವ್ವಾ, ಈ ಕರಡಿಗೆ ಮೀದೇನಾ?”

ಬಸವಕ್ಕ ಮಗನ ಮುಖ ನೋಡಿದಳು. “ಹೂಂ ಅನ್ನು ಅಂದಾನ್ರಿ ನಮ್ಮ ಸಿದ್ದ.”

ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಅವನು ಹೇಳಿದ್ದು ಬೇಡ, ನೀವು ಹೇಳಿ ಎಂದರು.

“ನೋಡದ ಹೆಂಗ ಹೇಳ್ಲಿ? ನಂದು ನನ್ನ ಕೊಳ್ಳಾಗ ಐತಿ.”

ಮಹಾಲಕ್ಷ್ಮಿ ಎದ್ದು ನಿಂತಳು. ಕಳವಿನ ಕೇಸಿನಲ್ಲಿ ಕ್ಷಮಿಸಬೇಕಾದವರು ವಸ್ತುವಿನ ಒಡೆಯರು, ಒಡೆಯರು ಯಾರೆಂದೇ ತಿಳಿಯದೆ ರಾಜಿಗೆ ಒಪ್ಪಿಗೆ ಕೊಡಲಾಗದು, ದಯವಿಟ್ಟು ಮುದ್ರೆ ಒಡೆಸಬೇಕು ಎಂದಳು.

“ಸಾರ್, ರಾಜಿ ಪತ್ರದಾಗ ಬರದೈತಿ, ಮುದ್ರಿ ಒಡೀಬಾರದು ಅಂತ!” ಸಿದ್ದಬಸಪ್ಪನ ದನಿ ಮೊದಲ ಸಲ ಮೇಲೇರಿತು.

“ರಾಜಿ ಪತ್ರ ಇನ್ನೂ ಕಾಗದ ಐತ್ರಿ ಸಾವ್ಕಾರ್ರ. ಸಾಹೇಬ್ರು ಸಹಿ ಹಾಕಿದ ಮ್ಯಾಲೆ ಅಲ್ಲೇನ್ರಿ ಅದಕ್ಕ ಜೀವ?”

ಮ್ಯಾಜಿಸ್ಟ್ರೇಟರು ಕೈ ಸನ್ನೆ ಮಾಡಿದರು. ಶ್ರೀರಾಮುಲು ಅರಗು ಒಡೆದು ಕರಡಿಗೆಯನ್ನು ಹೊರತೆಗೆದ. ಅದನ್ನು ಬಸವಕ್ಕನ ಅಂಗೈಗಿಟ್ಟರು. ಮುದುಕಿ ಉಗುರಿನಿಂದ ಮುಚ್ಚಳ ಎಬ್ಬಿಸಿದಳು.

ಒಳಗೆ ವಿಭೂತಿ ಹತ್ತಿದ ಲಿಂಗವಿತ್ತು.

ಬಸವಕ್ಕ ಅದನ್ನು ಕಣ್ಣಿಗೆ ಒತ್ತಿಕೊಂಡಳು. ತಿರುಗಿಸಿ ನೋಡಿದಳು. ಕರಡಿಗೆಯ ಅಂಚಿನಲ್ಲಿ ಒಂದು ಕಡೆ ಬೆಸುಗೆ ಹಾಕಿದ ಗುರುತಿತ್ತು, ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಗೋಳೋ ಎಂದು ಅತ್ತಳು.

“ಇದು ನನ್ನ ಸೊಸಿದ್ರಿ. ನಮ್ಮ ಮಹಾಂತಮ್ಮಂದು. ಬೆಸಗಿ ನಾನೇ ಹಾಕಿಸಿಕೊಟ್ಟಿದ್ನಿ.”

ಸಿದ್ದಬಸಪ್ಪನ ಹೆಂಡತಿ ಮಹಾಂತಮ್ಮ ಶ್ರಾವಣದಲ್ಲಿ ತೀರಿಕೊಂಡದ್ದು ಆದೋನಿಗೆಲ್ಲ ಗೊತ್ತು. ತುಂಗಭದ್ರೆ ತುಂಬಿ ಹರಿಯುವಾಗ ಕಾಲು ಜಾರಿದಳೆಂದು ಸುದ್ದಿ. ಸಿಕ್ಕ ಹೆಣದ ಮುಖ ಗುರುತು ಸಿಗುವಂತಿರಲಿಲ್ಲ. ಸೀರೆ ನೋಡಿ ಇವಳೇ ಎಂದವನು ಸಿದ್ದಬಸಪ್ಪ. ತಮ್ಮ ಹೊಲದಲ್ಲೇ ಮಣ್ಣು ಕೊಟ್ಟಿದ್ದ.

ಮ್ಯಾಜಿಸ್ಟ್ರೇಟರಿಗೆ ಮುದುಕಿಯ ಅಳು ಅರ್ಥವಾಗಲಿಲ್ಲ. ಸೊಸೆಯದಾದರೆ ಏನಾಯಿತು, ಮನೆಯದೇ ತಾನೆ ಎಂಬಂತೆ ನೋಡಿದರು. ಮಹಾಲಕ್ಷ್ಮಿ ಅವರಿಗೆ ತೆಲುಗಿನಲ್ಲಿ ತಿಳಿಸಿ ಹೇಳಿದಳು. ಇವರ ಪೈಕಿ ಲಿಂಗ ಬದುಕಿರುವಷ್ಟು ದಿನ ಮೈಮೇಲಿಂದ ಇಳಿಯುವುದಿಲ್ಲ. ಸತ್ತ ಮೇಲೆ ಅಂಗೈಯಲ್ಲಿಟ್ಟು ಅದರೊಂದಿಗೇ ಹೂಳುತ್ತಾರೆ. ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿದರೂ ಉಳಿಯಬಹುದು, ಲಿಂಗ ಉಳಿಯುವಂತಿಲ್ಲ.

ಅವಳ ಮಾತು ಮುಗಿಯುವ ಮೊದಲೇ ಬಸವಕ್ಕ ಮಗನ ಅಂಗಿ ಹಿಡಿದಿದ್ದಳು.

“ಹೇಂತಿ ಅಂಗೈಯಾಗ ಲಿಂಗ ಇಟ್ಟು ಮಣ್ಣು ಕೊಟ್ಟೀನಿ ಅಂದೆಲ್ಲೋ! ಹಂಗಾರ ಇದೇನೋ ಇದು?”

“ಅದು ಹೊಳ್ಯಾಗ ಹೋಗಿತ್ತವ್ವ. ಹೆಣದ ಮೈಮ್ಯಾಲೆ ಇದ್ದಿದ್ದಿಲ್ಲ. ಸ್ವಾಮ್ಯಾರು ಬ್ಯಾರೆ ಲಿಂಗ ಕೊಟ್ರು, ಅದನ್ನ ಇಟ್ವಿ.”

“ಹೊಳ್ಯಾಗ ಹೋಗಿದ್ದು ನಿಮ್ಮ ದೇವರ ಕ್ವಾಣ್ಯಾಗಿಂದ ಹೆಂಗ ಕಳುವಾತ್ರಿ?” ಮಹಾಲಕ್ಷ್ಮಿ ದೂರಿನ ಪ್ರತಿಯನ್ನು ಎತ್ತಿ ಹಿಡಿದಳು. “ದೇವರ ಕ್ವಾಣಿ ಅಂತ ನೀವೇ ಬರಸೀರಿ.”

ಸಿದ್ದಬಸಪ್ಪ ದೂರಿನ ಪ್ರತಿಯ ಕಡೆ ನೋಡಿದ. ಹಣೆ ಒರೆಸಿಕೊಂಡ. ಸಿಕ್ಕಿಬಿದ್ದ ಎಂದು ಮಹಾಲಕ್ಷ್ಮಿ ಅಂದುಕೊಂಡಳು. ಆದರೆ ಅವನು ಹತ್ತಿ ಮಾರಿ ಬೆಳೆದವನು, ಒಂದು ದರ ಬಿದ್ದರೆ ಇನ್ನೊಂದು ದರ ಕೂಗುವವನು.

“ಆತ್ರಿ. ತಪ್ಪು ಬರಸೀನಿ. ಹೇಂತಿದು ಅಂತ ಹೇಳಾಕ ಸಂಕಟ ಆಗಿ ಅವ್ವಂದು ಅಂದೆ. ಈಗ ಒಪ್ಕೊಂಡೆ, ಇದು ಮಹಾಂತಮ್ಮಂದು. ಆಕಿ ಸತ್ತ ಮ್ಯಾಲೆ ವಾರಸುದಾರ ನಾನು. ಸತ್ತೋರ ಪರವಾಗಿ ವಾರಸುದಾರ ರಾಜಿ ಆಗಬೌದು ಅಂತ ಕಾನೂನಿನ್ಯಾಗ ಐತಿ. ಹೌದಲ್ರಿ, ಸಾರ್? ನಾ ಸಹಿ ಹಾಕ್ತೀನಿ.”

ಇತ್ತು. ಕಾನೂನಿನಲ್ಲಿ ಹಾಗೇ ಇತ್ತು. ಕೋರ್ಟು ಒಪ್ಪಿದರೆ ವಾರಸುದಾರ ರಾಜಿಯಾಗಬಹುದು. ಮಹಾಲಕ್ಷ್ಮಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ತನ್ನ ಕಕ್ಷಿದಾರರಲ್ಲಿ ಒಬ್ಬರೂ ಒಂದು ಅಕ್ಷರ ಕಾನೂನು ಕಲಿಯುವುದಿಲ್ಲ, ಎದುರಾಳಿಗಳು ಮಾತ್ರ ಅರೆದು ಕುಡಿದು ಬರುತ್ತಾರೆ.

ಮ್ಯಾಜಿಸ್ಟ್ರೇಟರು ಕೇಸಿನ ಕಾಗದಗಳನ್ನು ಹಿಂದೆ ಮುಂದೆ ತಿರುವಿದರು. ಆರೋಪಿಗೆ ಬಿಡುಗಡೆ, ಗಂಡನಿಗೆ ಹೆಂಡತಿಯ ಲಿಂಗ. ದೂರಿನಲ್ಲಿ ಒಂದು ತಪ್ಪು, ಅದನ್ನು ತಿದ್ದಬಹುದು. ಅವರು ಪೆನ್ನು ತೆಗೆದುಕೊಂಡರು. ಬಾಗಿಲಲ್ಲಿ ಸುಭದ್ರಮ್ಮ ಗಂಟನ್ನು ಕಂಕುಳಿಗೆ ಏರಿಸಿದ್ದಳು.

ಮಹಾಲಕ್ಷ್ಮಿ ಸುಮ್ಮನಿದ್ದರೆ ಸಾಕಿತ್ತು. ಮಧ್ಯಾಹ್ನದ ಲಾರಿಗೆ ಸೂರಿ ಹತ್ತುತ್ತಿದ್ದ. ಅವಳ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರಿಗೂ ಬೇಕಾದದ್ದು ರಾಜಿ, ಯಾರಿಗೂ ಬೇಡದ ನಿಜವನ್ನು ಇವಳೊಬ್ಬಳೇ ಹೊತ್ತು ತಿರುಗಬೇಕೆಂದು ಯಾವ ದೇವರು ಹಣೆಯಲ್ಲಿ ಬರೆದಿದ್ದ? ಆದರೂ ಆ ಲಿಂಗ ಈಗ ಸಿದ್ದಬಸಪ್ಪನ ಜೇಬಿಗೆ ಹೋದರೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಸುಮ್ಮನಿರಲು ಆಗಲಿಲ್ಲ.

“ಸೂರಿ, ಅವ್ವಾರು ಇದನ್ನ ನಿನಗ ಯಾವಾಗ ಕೊಟ್ರು?”

ಸೂರಿ ತಾಯಿಯ ಕಡೆ ನೋಡಿದ. ಬೇಡ ಬೇಡ ಎಂದು ಸುಭದ್ರಮ್ಮ ತಲೆಯಾಡಿಸುತ್ತಿದ್ದಳು. ಅವನು ಬಸವಕ್ಕನ ಕಡೆ ನೋಡಿದ. ಮುದುಕಿ ಸೊಸೆಯ ಲಿಂಗವನ್ನು ಎದೆಗೆ ಒತ್ತಿಕೊಂಡು ಇನ್ನೂ ಬಿಕ್ಕುತ್ತಿದ್ದಳು. ಸೂರಿಗೆ ತಡೆಯಲಾಗಲಿಲ್ಲ.

“ಅಳಬ್ಯಾಡ ಅಜ್ಜಿ. ಅವ್ವಾರು ಬದುಕ್ಯಾರ.”

ಅವನು ಮಹಾಲಕ್ಷ್ಮಿಯ ಕಡೆ ತಿರುಗಿದ.

“ದೀಪಾವಳಿ ಆದ ಮ್ಯಾಲೆ ಕೊಟ್ರು ಮೇಡಂ. ಹೊಳಿ ಆಚಿಗಿ ನಮ್ಮಣ್ಣನ ಊರಿಗಿ ಒಯ್ದು ತೋರ್ಸು, ಇದನ್ನ ನೋಡಿದ್ರಷ್ಟ ನಾ ಬದುಕೀನಿ ಅಂತ ನಂಬ್ತಾನ ಅಂದ್ರು. ಲಿಂಗ ಮುಟ್ಟಿಸಿ ಆಣಿ ಹಾಕಿಸಿಕೊಂಡ್ರು, ಎಲ್ಲದೀನಿ ಅಂತ ಯಾರಿಗೂ ಹೇಳಬ್ಯಾಡ ಅಂತ. ಅವರಿಗೆ ಜೀವದ ಭಯ ಐತ್ರಿ.”

“ಪೂಜಿಗಿ ಲಿಂಗ ಇಲ್ಲದ ಆಕಿ ಹೆಂಗ ಊಟ ಮಾಡ್ತಾಳೋ, ತಂಗಿ,” ಎಂದಳು ಬಸವಕ್ಕ. ಯಾರಿಗೆ ಹೇಳಿದಳೋ ಏನೋ.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಒಡತಿ ಬದುಕಿದ್ದರೆ ಕ್ಷಮಿಸಬೇಕಾದವಳು ಅವಳೇ, ಗಂಡನ ಸಹಿಗೆ ಬೆಲೆಯಿಲ್ಲ. ಹಾಗಾದರೆ ಹೊಲದಲ್ಲಿ ಹೂತದ್ದು ಯಾರನ್ನು? ಮಹಾಲಕ್ಷ್ಮಿ ಸಿದ್ದಬಸಪ್ಪನ ಮುಖ ನೋಡಿದಳು. ಸತ್ತ ಹೆಂಡತಿ ಬದುಕಿದ್ದಾಳೆಂದು ಕೇಳಿದ ಗಂಡ ಅಳಬೇಕು, ಕುಸಿಯಬೇಕು, ಸುಳ್ಳು ಹೇಳುತ್ತೀಯಾ ಎಂದು ಸೂರಿಯ ಮೇಲೆ ಬೀಳಬೇಕು. ಸಿದ್ದಬಸಪ್ಪ ಅದ್ಯಾವುದನ್ನೂ ಮಾಡಲಿಲ್ಲ.

“ಎಲ್ಲಿ?” ಎಂದ.

ಒಂದೇ ಮಾತು. ಆ ಒಂದು ಮಾತಿನಿಂದ ಮಹಾಲಕ್ಷ್ಮಿಗೆ ಎಲ್ಲ ಅರ್ಥವಾಯಿತು. ಪೊಲೀಸರ ಫೋನ್ ಬಂದ ದಿನವೇ ಇವನಿಗೆ ಅವಳು ಬದುಕಿರುವುದು ತಿಳಿದಿತ್ತು. ಸೂರಿಯನ್ನು ಹೊರಗೆ ತರುವುದು, ಅವನು ಎಲ್ಲಿಗೆ ಹೋಗುತ್ತಾನೆಂದು ಹಿಂಬಾಲಿಸುವುದು, ಈ ರಾಜಿಯೆಲ್ಲ ಅದಕ್ಕಾಗಿ.

ಸೂರಿ ಬಾಯಿ ಬಿಗಿದುಕೊಂಡ. ಅವನ ಆಣೆಯ ಬಗ್ಗೆ ಮೊದಲ ಸಲ ಅವಳಿಗೆ ಸಮಾಧಾನವಾಯಿತು.

ಆದರೆ ಆಣೆ ಮಾಡಿದ್ದವನು ಮಗ. ತಾಯಿಯಲ್ಲ.

“ನಾ ಹೇಳ್ತೀನ್ರಿ ಸಾಹೇಬ್ರ!” ಸುಭದ್ರಮ್ಮ ಗಂಟು ಬಿಸಾಕಿ ಒಳಗೆ ನುಗ್ಗಿದಳು. “ಸಿ. ಬೆಳಗಲ್‌ನ್ಯಾಗ ನನ್ನ ತಂಗಿ ಮಾರೆಮ್ಮನ ಮನ್ಯಾಗ ಅದಾರ್ರಿ! ಬೇಕಾದ್ರ ಹೋಗಿ ಕರ್ಕೊಂಬರ್ರಿ, ಕೇಳ್ರಿ! ನನ್ನ ಮಗ ಕದ್ದಿಲ್ಲ, ಬಿಡ್ರಿ ಅವನ್ನ!”

“ಅಮ್ಮಾ!” ಎಂದು ಸೂರಿ ಕೂಗಿದ.

ಮಹಾಲಕ್ಷ್ಮಿ ಅವಳನ್ನು ತಡೆಯಲು ಮುಂದೆ ಬಂದಳು, ತಡವಾಗಿತ್ತು. ಆಡಬೇಕಾದ ದಿನಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದು, ಮುಚ್ಚಿಕೊಂಡಿರಬೇಕಾದ ಈ ಒಂದು ಗಳಿಗೆಯಲ್ಲಿ ತೆರೆದಿದ್ದಳು ಪುಣ್ಯಾತ್ಗಿತ್ತಿ. ತಿರುಗಿ ನೋಡಿದರೆ ಸಿದ್ದಬಸಪ್ಪ ನಿಂತಿದ್ದ ಜಾಗ ಖಾಲಿ. ತಾಯಿಯನ್ನು ಕೂಡ ಬಿಟ್ಟು ಹೋಗಿದ್ದ.

“ಸಾರ್, ಅವರನ್ನು ತಡೀರಿ! ಪೊಲೀಸರಿಗೆ ಹೇಳ್ರಿ!”

ಯಾವ ಕೇಸಿನಲ್ಲಿ ತಡೆಯಲಿ ಎಂದು ಮ್ಯಾಜಿಸ್ಟ್ರೇಟರು ತೆಲುಗಿನಲ್ಲಿ ಕೇಳಿದರು. ಅವರ ದನಿಯಲ್ಲೂ ಕಳವಳವಿತ್ತು. ಈ ಕೇಸಿನಲ್ಲಿ ಆತ ದೂರುದಾರ, ಆರೋಪಿಯಲ್ಲ. ಬೇಗ ಒಂದು ಅರ್ಜಿ ಬರೆದು ಕೊಡಮ್ಮ, ಈಗಲೇ ನೋಡುತ್ತೇನೆ ಎಂದರು.

ಅರ್ಜಿ! ಮಹಾಲಕ್ಷ್ಮಿ ಬಿಳಿ ಹಾಳೆ ಎಳೆದುಕೊಂಡಳು, ಎರಡು ಸಾಲು ಬರೆದಳು, ಪೆನ್ನು ಬಿಸಾಕಿದಳು. ಅವಳು ಅರ್ಜಿ ಮುಗಿಸುವಷ್ಟರಲ್ಲಿ ಅವನು ಅರ್ಧ ದಾರಿ ಮುಟ್ಟಿರುತ್ತಾನೆ. ಸುಭದ್ರಮ್ಮನ ತೋಳು ಹಿಡಿದು ಅಲ್ಲಾಡಿಸಿದಳು.

“ನಿನ್ನ ತಂಗಿ ಫೋನ್ ನಂಬರ್ ಹೇಳು. ಲಗೂನ!”

“ನನಗೆಲ್ಲಿ ನಂಬರು ಬರ್ತಾವವ್ವ? ಸೂರಿ ಫೋನಿನ್ಯಾಗ ಐತಿ.”

“ಸೂರಿ, ನಂಬರ್!”

“ಬಾಯಿಪಾಠ ಇಲ್ರಿ. ಚಿಗವ್ವ ಅಂತ ಹಾಕೀನಿ.”

ಅವಳು ಶ್ರೀರಾಮುಲು ಕಡೆ ತಿರುಗಿದಳು. ಫೋನ್ ತಮ್ಮ ಹತ್ತಿರ ಇಲ್ಲವೆಂದು ಅವನು ತಲೆಯಾಡಿಸಿದ.

“ಫೋನ್ ಎಲ್ಲೋ, ಸೂರಿ?”

“ಕಾರಿನ್ಯಾಗ ಚಾರ್ಜಿಗಿ ಹಾಕಿದ್ನಿರಿ.” ಸೂರಿ ಬಾಗಿಲ ಕಡೆ ನೋಡಿದ. “ಕಾರು ಅವತ್ತೇ ಸಾವ್ಕಾರ್ರು ಬಿಡಿಸ್ಕೊಂಡು ಹೋದ್ರಲ್ಲ. ಲಾಕ್ ತೆಗಿಯಾಕೂ ಬರ್ತೈತ್ರಿ ಅವರಿಗೆ, ಆ ಫೋನ್ ಅವರೇ ಕೊಡಿಸಿದ್ದು.”

“ಇರಲಿ. ಮಹಾಂತಮ್ಮ ಹುಷಾರಿ ಹೆಣಮಗಳು ಇರಬೇಕು. ಯಾರೋ ಫೋನ್ ಮಾಡಿ ಹೊರಗ ಬಾ ಅಂದ್ರ ಬರ್ತಾಳೇನು?”

ಸೂರಿ ಕಟಕಟೆಯ ಕಂಬಿ ಹಿಡಿದುಕೊಂಡ.

“ಬರಂಗಿಲ್ರಿ. ನಾನೇ ಹೇಳಿ ಬಂದೀನಿ, ಯಾರ ಫೋನೂ ಎತ್ತಬ್ಯಾಡ್ರಿ ಅಂತ.” ಅವನ ದನಿ ಸೋತಿತು. “ನನ್ನ ನಂಬರಿಂದ ಬಂದ್ರ ಮಾತ್ರ ಎತ್ರಿ, ಅಂದೀನ್ರಿ.”